ಎಸ್ಸೆಸ್ಸೆಲ್ಸಿ ಮುಗಿಯಿತು, ಮಗನನ್ನು ಯಾವುದಕ್ಕೆ ಸೇರಿಸಲಿ? ಅನುಭವವಿದ್ದವರು ತಿಳಿಸಿ

ಕೇಳಿದವರು: ಕಿನ್ನಿಗೋಳಿ ಹತ್ತಿರದ ಒಬ್ಬ ತಾಯಿ

ನನ್ನ ಮಗ ಸರಕಾರಿ ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ ಈ ಸಲ ಎಸ್ಸೆಸ್ಸೆಲ್ಸಿಯಲ್ಲಿ 625ಕ್ಕೆ 414 ಅಂಕ ಪಡೆದಿದ್ದಾನೆ. ಗಣಿತದಲ್ಲಿ 52, ವಿಜ್ಞಾನದಲ್ಲಿ 58 ಬಂದಿದೆ. ಎರಡು ವರ್ಷಗಳಿಂದ ಶಾಲೆ ಬಿಟ್ಟೊಡನೆ ಪೇಟೆಯ ಮೋಟಾರು ವೈಂಡಿಂಗ್ ಅಂಗಡಿಯಲ್ಲಿ ಹೋಗಿ ಕೂರುತ್ತಾನೆ. ನಮ್ಮ ತೋಟದ ಪಂಪು ಕೆಟ್ಟರೆ ಈಗ ಅವನೇ ಬಿಚ್ಚಿ ಸರಿಮಾಡುತ್ತಾನೆ. ಅವನ ತಂದೆ ಮುಂಬಯಿಯ ಹೋಟೆಲಿನಲ್ಲಿದ್ದಾರೆ. ಪಿಯುಸಿ ಸಯನ್ಸಿಗೆ ಸೇರಿಸಿ ಕೋಚಿಂಗ್ ಕೊಡಿಸಬೇಕು ಎಂಬುದು ಅವರ ಮತ್ತು ನೆಂಟರ ಅಭಿಪ್ರಾಯ. ಮಗ ಡಿಪ್ಲೊಮಾ ಅಥವಾ ಐಟಿಐ ಎನ್ನುತ್ತಾನೆ. ಅದಕ್ಕೆ ಹೋದರೆ ಮುಂದೆ ಡಿಗ್ರಿ ಮಾಡುವ ದಾರಿ ಮುಚ್ಚಿಹೋಗುತ್ತದೆಯೇ? ಈಗ ನಾವು ಏನೇನು ಸಿದ್ಧಮಾಡಿಟ್ಟುಕೊಳ್ಳಬೇಕು?

ಕಾರ್ಕಳದಿಂದ, ಇಬ್ಬರು ಮಕ್ಕಳ ತಂದೆ

ಅಕ್ಕ, ನಿಮ್ಮ ಬರಹ ಓದಿದಾಗ ನಮ್ಮ ಮನೆಯಲ್ಲೇ ನಡೆದದ್ದು ಕಣ್ಣೆದುರು ಬಂತು. ನನ್ನ ದೊಡ್ಡ ಮಗನಿಗೂ ಹೆಚ್ಚುಕಡಿಮೆ ಇಷ್ಟೇ ಅಂಕಗಳು ಬಂದಿದ್ದವು. ಅವನ ಇಷ್ಟವೇನೆಂದು ಒಂದು ಮಾತೂ ಕೇಳದೆ ನಾನು ಅವನನ್ನು ಕೋಚಿಂಗ್ ಸೇರಿಕೊಂಡಿರುವ ಒಂದು ಖಾಸಗಿ ಕಾಲೇಜಿನಲ್ಲಿ ವಿಜ್ಞಾನಕ್ಕೆ ಸೇರಿಸಿದೆ. ಬೆಳಿಗ್ಗೆ ಆರೂವರೆಗೆ ಹೊರಟವನು ರಾತ್ರಿ ಎಂಟರ ಬಸ್ಸಿಗೆ ಹಿಂದಿರುಗುತ್ತಿದ್ದ. ಹೇಗೆ ಓದುತ್ತಿದ್ದೀ ಎಂದರೆ "ಪರವಾಗಿಲ್ಲ" ಎನ್ನುತ್ತಿದ್ದ. ಡಿಸೆಂಬರಿನಲ್ಲಿ ಒಂದು ದಿನ ನನ್ನ ಹೆಂಡತಿ ಅಕ್ಕಿ ಡಬ್ಬವನ್ನು ಸರಿಸಿ ಗುಡಿಸುವಾಗ ಗೋಡೆಯ ಬದಿಯಲ್ಲಿ ನಾಲ್ಕು ಮಡಿಕೆಯಾಗಿ ಮಡಚಿದ ಟೆಸ್ಟ್ ಪೇಪರುಗಳು ಸಿಕ್ಕಿದವು, ಒಟ್ಟು ಹದಿನೇಳು. ಒಂದರಲ್ಲೂ ಎರಡಂಕಿಯ ಮಾರ್ಕು ಇರಲಿಲ್ಲ. ಪ್ರಥಮ ಪಿಯುಸಿಯನ್ನು ಅರ್ಧದಲ್ಲಿ ಬಿಟ್ಟು ಮರುವರ್ಷ ಬೇರೆ ಕಾಲೇಜಿನಲ್ಲಿ ವಾಣಿಜ್ಯ ವಿಭಾಗಕ್ಕೆ ಹೊಸದಾಗಿ ಸೇರಿದ. ಮೊದಲೇ ಕಟ್ಟಿದ ಎರಡು ವರ್ಷಗಳ ಕೋಚಿಂಗ್ ಶುಲ್ಕದಲ್ಲಿ ಒಂದು ರೂಪಾಯಿಯೂ ವಾಪಸು ಬರಲಿಲ್ಲ. ಹಣಕ್ಕಿಂತ ಆ ಹುಡುಗ ಅಷ್ಟು ತಿಂಗಳು ಒಬ್ಬನೇ ಹೆದರಿಕೊಂಡಿದ್ದನಲ್ಲ, ಅದು ನನ್ನನ್ನು ಇಂದಿಗೂ ಕಾಡುತ್ತದೆ. ವಾಣಿಜ್ಯದಲ್ಲಿ ಅವನು ಚೆನ್ನಾಗಿ ಓದಿ ಈಗ ಲೆಕ್ಕಪರಿಶೋಧಕರ ಕಚೇರಿಯೊಂದರಲ್ಲಿದ್ದಾನೆ. ಕೆನರಾ, ಕಾರ್ಪೊರೇಶನ್, ಕರ್ಣಾಟಕ, ಸಿಂಡಿಕೇಟ್, ವಿಜಯಾ ಎಂಬ ಐದು ಬ್ಯಾಂಕುಗಳು ಹುಟ್ಟಿದ ಈ ನೆಲದಲ್ಲಿ ವಾಣಿಜ್ಯವನ್ನು ನಾನು ಎರಡನೆಯ ದರ್ಜೆಯ ಓದೆಂದು ಹೇಗೆ ತಿಳಿದುಕೊಂಡಿದ್ದೆನೋ!

2025ರ ದ್ವಿತೀಯ ಪಿಯುಸಿ ಪರೀಕ್ಷೆ 1ರಲ್ಲಿ ಉಡುಪಿ ರಾಜ್ಯಕ್ಕೇ ಪ್ರಥಮ, ದಕ್ಷಿಣ ಕನ್ನಡ ದ್ವಿತೀಯ. ನಮಗೆಲ್ಲ ಅದರ ಬಗ್ಗೆ ಹೆಮ್ಮೆಯಿದೆ, ಇರಬೇಕಾದದ್ದೇ. ಆದರೆ ಆ ಹೆಮ್ಮೆ ಪ್ರತಿಯೊಂದು ಮನೆಯ ಮಗುವಿನ ಹೆಗಲೇರಿ ಕುಳಿತುಕೊಳ್ಳಬಾರದು.

ಮಗಳ ಸರದಿ ಬಂದಾಗ ಅವಳು ಕೇಳಿದಂತೆ ಸರಕಾರಿ ಪಾಲಿಟೆಕ್ನಿಕ್‌ನಲ್ಲಿ ಡಿಪ್ಲೊಮಾಕ್ಕೆ ಸೇರಿಸಿದೆವು. ನಿಮ್ಮ ಪ್ರಶ್ನೆಗೆ ಉತ್ತರ ಇಲ್ಲಿದೆ. ಪಿಯುಸಿ ಎರಡು ವರ್ಷ, ಬಿ.ಇ. ನಾಲ್ಕು ವರ್ಷ, ಒಟ್ಟು ಆರು. ಡಿಪ್ಲೊಮಾ ಮೂರು ವರ್ಷ, ಆಮೇಲೆ ಡಿಪ್ಲೊಮಾ ಮುಗಿಸಿದವರಿಗೆಂದೇ ಇರುವ ಡಿಸಿಇಟಿ ಎಂಬ ಪ್ರವೇಶ ಪರೀಕ್ಷೆ ಬರೆದು ಬಿ.ಇ.ಯ ಎರಡನೆಯ ವರ್ಷಕ್ಕೆ ನೇರವಾಗಿ ಸೇರಿದರೆ ಇನ್ನು ಮೂರು ವರ್ಷ, ಅದೂ ಆರೇ. ಡಿಗ್ರಿಯ ದಾರಿ ಮುಚ್ಚುವುದಿಲ್ಲ, ಕಾಲವೂ ಹೆಚ್ಚು ಹಿಡಿಯುವುದಿಲ್ಲ; ನಡುವೆ ಮನೆಯ ಪರಿಸ್ಥಿತಿ ಕೆಟ್ಟು ಓದು ನಿಲ್ಲಿಸಬೇಕಾಗಿ ಬಂದರೂ ಮೂರನೆಯ ವರ್ಷದ ಕೊನೆಗೆ ಕೆಲಸ ಕೊಡಿಸುವ ಪ್ರಮಾಣಪತ್ರ ಕೈಯಲ್ಲಿರುತ್ತದೆ. ಮುಚ್ಚುವ ದಾರಿ ವೈದ್ಯಕೀಯದ್ದು. ನೀಟ್‌ಗೆ ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಓದಿರಲೇಬೇಕು. ನಿಮ್ಮ ಮಗನಿಗೆ ಆ ಆಸೆ ಇದೆಯೇ ಎಂದು ಒಮ್ಮೆ ಸಮಾಧಾನದಿಂದ ಕೇಳಿ. ಇಲ್ಲವೆಂದರೆ ಆ ಚಿಂತೆಯನ್ನು ಅಲ್ಲಿಗೇ ಬಿಡಿ.

ಡಿಪ್ಲೊಮಾ ಸುಲಭವೆಂದು ಮಾತ್ರ ಭಾವಿಸಬೇಡಿ. ಕನ್ನಡ ಮಾಧ್ಯಮದಿಂದ ಬಂದ ನನ್ನ ಮಗಳು ಮೊದಲ ಸೆಮಿಸ್ಟರಿನ ಗಣಿತದಲ್ಲಿ ಅನುತ್ತೀರ್ಣಳಾಗಿ ಮತ್ತೊಮ್ಮೆ ಬರೆದಳು. ಲೆಕ್ಕ ಬಾರದೆ ಅಲ್ಲ, ಇಂಗ್ಲಿಷಿನಲ್ಲಿದ್ದ ಪ್ರಶ್ನೆ ಏನು ಕೇಳುತ್ತಿದೆಯೆಂದು ಅರ್ಥವಾಗದೆ. ಈ ರಜೆಯಲ್ಲಿ ಹತ್ತನೆಯ ತರಗತಿಯ ಗಣಿತ ಮತ್ತು ವಿಜ್ಞಾನದ ಇಂಗ್ಲಿಷ್ ಮಾಧ್ಯಮದ ಪುಸ್ತಕಗಳನ್ನು ಎಲ್ಲಿಂದಾದರೂ ತಂದು ಓದಿಸಿ. ತಿಳಿದ ವಿಷಯವನ್ನೇ ಮತ್ತೊಂದು ಭಾಷೆಯಲ್ಲಿ ಓದುವುದರಿಂದ ಪದಗಳ ಹೆದರಿಕೆ ಹೋಗುತ್ತದೆ.

ಮಲ್ಪೆಯಿಂದ, ಐಟಿಐ ಓದಿದ ಎಲೆಕ್ಟ್ರೀಷಿಯನ್

ನಾನು ಎಲೆಕ್ಟ್ರೀಷಿಯನ್ ಟ್ರೇಡಿನಲ್ಲಿ ಎರಡು ವರ್ಷಗಳ ಐಟಿಐ ಮುಗಿಸಿ, ಒಂದು ವರ್ಷ ಅಪ್ರೆಂಟಿಸ್ ಆಗಿದ್ದು, ಈಗ ಬೋಟುಗಳ ವಿದ್ಯುತ್ ಕೆಲಸ ಮಾಡುತ್ತಿದ್ದೇನೆ. ಮಲ್ಪೆಯಲ್ಲಿ ಬಂದರಿನ ಬೋಟುಗಳಲ್ಲದೆ ಹಡಗು ಕಟ್ಟುವ ಉಡುಪಿ ಕೊಚ್ಚಿನ್ ಶಿಪ್‌ಯಾರ್ಡ್ ಕೂಡ ಇದೆ. ವೆಲ್ಡರ್, ಫಿಟ್ಟರ್, ಎಲೆಕ್ಟ್ರೀಷಿಯನ್ ಇವರಿಲ್ಲದೆ ಇಂಥ ಕಡೆ ಒಂದು ದಿನವೂ ನಡೆಯುವುದಿಲ್ಲ. ಆದ್ದರಿಂದ ಐಟಿಐ ಎಂದರೆ ದಡ್ಡರ ಓದು ಎಂದು ಯಾರಾದರೂ ಹೇಳಿದರೆ ಆ ಮಾತನ್ನು ದಯವಿಟ್ಟು ಕಿವಿಗೆ ಹಾಕಿಕೊಳ್ಳಬೇಡಿ.

ಹಾಗೆಂದು ನಿಮ್ಮ ಮಗನಿಗೆ ನಾನು ಹೇಳುವುದು ಡಿಪ್ಲೊಮಾವನ್ನೇ. ಕಾರಣ ಇಷ್ಟು. ನಮ್ಮ ವಿದ್ಯುತ್ ಇಲಾಖೆಯನ್ನೇ ನೋಡಿ: ಕಂಬ ಹತ್ತುವ ಕಿರಿಯ ಪವರ್‌ಮ್ಯಾನ್ ಹುದ್ದೆಗೆ ಎಸ್ಸೆಸ್ಸೆಲ್ಸಿ ವಿದ್ಯಾರ್ಹತೆ, ಕಿರಿಯ ಎಂಜಿನಿಯರ್ ಹುದ್ದೆಗೆ ಎಲೆಕ್ಟ್ರಿಕಲ್ ಡಿಪ್ಲೊಮಾ, ಸಹಾಯಕ ಎಂಜಿನಿಯರ್ ಹುದ್ದೆಗೆ ಬಿ.ಇ. ಕೆಲಸ ತಿಳಿದಿದ್ದರೂ ಯಾವ ಮೆಟ್ಟಿಲಿನಿಂದ ಹತ್ತಲು ಆರಂಭಿಸುತ್ತೇವೆ ಎಂಬುದನ್ನು ಕಾಗದವೇ ತೀರ್ಮಾನಿಸುತ್ತದೆ. ಮೋಟಾರಿನ ಮೇಲೆ ಕೈ ಈಗಾಗಲೇ ಕುಳಿತಿರುವ ಹುಡುಗನಿಗೆ ಬೇಕಾಗಿರುವುದು ಅದರ ಹಿಂದಿನ ಲೆಕ್ಕ. ಕಾಯಿಲ್ ಸುಟ್ಟಾಗ ಹಳೆಯ ಸುತ್ತುಗಳನ್ನು ಎಣಿಸಿ ಅಷ್ಟೇ ಸುತ್ತುವುದನ್ನು ಅಂಗಡಿಯಲ್ಲಿ ಕಲಿಯಬಹುದು. ಅಷ್ಟೇ ಸುತ್ತು ಏಕೆ, ತಂತಿಯ ದಪ್ಪ ಬದಲಾದರೆ ಏನಾಗುತ್ತದೆ ಎಂಬುದನ್ನು ನನಗೆ ಯಾರೂ ಹೇಳಿಕೊಡಲಿಲ್ಲ. ಆ ಕೊರತೆ ಹತ್ತು ವರ್ಷಗಳ ಮೇಲೂ ನನ್ನಲ್ಲಿ ಉಳಿದಿದೆ. ಡಿಪ್ಲೊಮಾ ಸೀಟು ಸಿಗದಿದ್ದರೆ ಮಾತ್ರ ಐಟಿಐಗೆ ಸೇರಿಸಿ. ಎರಡು ವರ್ಷದ ಟ್ರೇಡ್ ಮುಗಿಸಿದವರಿಗೆ ಡಿಪ್ಲೊಮಾದ ಮೂರನೆಯ ಸೆಮಿಸ್ಟರಿಗೆ ನೇರ ಪ್ರವೇಶದ ಅವಕಾಶ ಆಗಲೂ ಇರುತ್ತದೆ.

ಸುರತ್ಕಲ್‌ನಿಂದ, ಪ್ರೌಢಶಾಲಾ ಶಿಕ್ಷಕಿ

ಮೊದಲು ಅಂಕಗಳ ವಿಚಾರ. ಉತ್ತೀರ್ಣತೆಗೆ ಶೇಕಡ 35 ಇದ್ದದ್ದು 2025-26ನೇ ಸಾಲಿನಿಂದ 33ಕ್ಕೆ ಇಳಿದಿದೆ, ಅಂದರೆ 625ರಲ್ಲಿ 206. ನಿಮ್ಮ ಮಗ ಅದನ್ನು ಬಹಳ ಹಿಂದೆ ಬಿಟ್ಟಿದ್ದಾನೆ. ಆದರೆ ಸರಕಾರಿ ಪಾಲಿಟೆಕ್ನಿಕ್‌ಗಳ ಸೀಟು ಹಂಚಿಕೆಯಲ್ಲಿ ಒಟ್ಟು ಅಂಕಗಳಿಗಿಂತ ಗಣಿತ ಮತ್ತು ವಿಜ್ಞಾನದ ಅಂಕಗಳನ್ನೇ ನೋಡುತ್ತಾರೆ. ನಿಮ್ಮವನದ್ದು ಎರಡೂ ಸೇರಿ 200ಕ್ಕೆ 110. ಕದ್ರಿಯ ಕರ್ನಾಟಕ ಪಾಲಿಟೆಕ್ನಿಕ್ 1946ರಿಂದ ಇರುವ ಹೆಸರಾಂತ ಸಂಸ್ಥೆ, ಅಲ್ಲಿ ಎಲೆಕ್ಟ್ರಿಕಲ್ ವಿಭಾಗಕ್ಕೆ ಪೈಪೋಟಿ ಇದ್ದೇ ಇರುತ್ತದೆ. 2024ರಿಂದ ಪರೀಕ್ಷಾ ಮಂಡಳಿ ಎಸ್ಸೆಸ್ಸೆಲ್ಸಿಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳನ್ನು ನಡೆಸುತ್ತಿದೆ. ಉತ್ತೀರ್ಣರಾದವರೂ ಅಂಕ ಹೆಚ್ಚಿಸಿಕೊಳ್ಳಲು ಮತ್ತೆ ಬರೆಯಬಹುದು, ಹೆಚ್ಚು ಬಂದದ್ದನ್ನೇ ಉಳಿಸಿಕೊಳ್ಳುತ್ತಾರೆ. ಗಣಿತ ಮತ್ತು ವಿಜ್ಞಾನ ಎರಡಕ್ಕೂ ಪರೀಕ್ಷೆ 2 ಬರೆಸಿ. ಫಲಿತಾಂಶ ಬಂದ ಕೆಲವೇ ದಿನಗಳಲ್ಲಿ ಶುಲ್ಕ ಕಟ್ಟುವ ಅವಧಿ ಮುಗಿಯುತ್ತದೆ, ನಾಳೆಯೇ ಶಾಲೆಗೆ ಹೋಗಿ.

ಇನ್ನು ದಾಖಲೆಗಳು. ಒಂದರಿಂದ ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ್ದಕ್ಕೂ ಗ್ರಾಮೀಣ ಪ್ರದೇಶದಲ್ಲಿ ಓದಿದ್ದಕ್ಕೂ ವೃತ್ತಿಶಿಕ್ಷಣದ ಪ್ರವೇಶದಲ್ಲಿ ಮೀಸಲಾತಿ ಇದೆ. ವ್ಯಾಸಂಗ ಪ್ರಮಾಣಪತ್ರಕ್ಕೆ ಮುಖ್ಯೋಪಾಧ್ಯಾಯರ ಸಹಿಯೊಂದಿಗೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುರುಜು ಆಗಬೇಕು. ಕಿನ್ನಿಗೋಳಿ ಈಗ ಪಟ್ಟಣ ಪಂಚಾಯತ್ ಆಗಿರುವುದರಿಂದ ಅವನ ಶಾಲೆ ಗ್ರಾಮೀಣ ಎಂಬ ಲೆಕ್ಕಕ್ಕೆ ಬರುತ್ತದೆಯೇ ಎಂಬುದನ್ನು ಅದೇ ಕಚೇರಿಯಲ್ಲಿ ಕೇಳಿ ತಿಳಿದುಕೊಳ್ಳಿ. ನಾಡಕಚೇರಿಯ ಜಾತಿ ಮತ್ತು ಆದಾಯ ಪ್ರಮಾಣಪತ್ರದ ಆರ್.ಡಿ. ಸಂಖ್ಯೆ ವಿದ್ಯಾರ್ಥಿವೇತನಕ್ಕೂ ಬೇಕಾಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ ಅಂಕಪಟ್ಟಿ, ಆಧಾರ್ ಮತ್ತು ಈ ಪ್ರಮಾಣಪತ್ರಗಳನ್ನು ಪಕ್ಕಪಕ್ಕದಲ್ಲಿಟ್ಟು ಹೆಸರಿನ ಒಂದೊಂದು ಅಕ್ಷರವನ್ನೂ ಓದಿ. ನನ್ನ ವಿದ್ಯಾರ್ಥಿನಿಯೊಬ್ಬಳ ಆಧಾರ್‌ನಲ್ಲಿ ಇನಿಷಿಯಲ್ ಹೆಸರಿನ ಮುಂದೆ, ಅಂಕಪಟ್ಟಿಯಲ್ಲಿ ಹಿಂದೆ ಇದ್ದ ಒಂದೇ ಕಾರಣಕ್ಕೆ ಅವಳ ವಿದ್ಯಾರ್ಥಿವೇತನ ಒಂದು ವರ್ಷ ತಡವಾಯಿತು.

ಪ್ರಶ್ನೆ ಕೇಳಿದ ತಾಯಿ, ಒಂದು ವಾರದ ನಂತರ

ಎಲ್ಲರಿಗೂ ಮನಸಾರೆ ನಮಸ್ಕಾರ. ಪರೀಕ್ಷೆ 2ಕ್ಕೆ ಎರಡು ವಿಷಯಗಳ ಶುಲ್ಕ ಕಟ್ಟಿದ್ದೇವೆ. ಆರು ವರ್ಷಗಳ ಲೆಕ್ಕವನ್ನು ಕಾಗದದಲ್ಲಿ ಬರೆದು ಇವರಿಗೆ ಫೋಟೋ ಕಳುಹಿಸಿದೆ. ರಾತ್ರಿ ಕರೆ ಮಾಡಿ ಮಗನೊಂದಿಗೇ ಅರ್ಧ ಗಂಟೆ ಮಾತನಾಡಿದರು. ಡಾಕ್ಟರ್ ಆಗುವ ಆಸೆ ಇಲ್ಲವೆಂದು ಅವನೇ ಹೇಳಿದ. ಆಧಾರ್‌ನಲ್ಲಿ ಅವನ ಹೆಸರಿನ ಒಂದು ದೀರ್ಘ ತಪ್ಪಿದೆ, ಸೋಮವಾರ ತಿದ್ದಿಸಲು ಮೂಲ್ಕಿಗೆ ಹೋಗುತ್ತಿದ್ದೇವೆ. ಮಲ್ಪೆಯ ಅಣ್ಣ ಬರೆದದ್ದನ್ನು ಓದಿದಾಗಿನಿಂದ, ತಂತಿಯ ದಪ್ಪ ಬದಲಾದರೆ ಏನಾಗುತ್ತದೆಂದು ಅಂಗಡಿಯವರನ್ನು ಕೇಳುತ್ತಿದ್ದಾನಂತೆ.