ಹಳೆಯ ಇನ್‌ಬೋರ್ಡ್ ಬೋಟಿಗೆ ಪಿಕಪ್ ಟ್ರಕ್ಕಿನ 350 ಎಂಜಿನ್ ಹೊಂದುತ್ತದೆಯೇ?

ಪ್ರಶ್ನೆ:
ಮಿಷಿಗನ್ನಿನ ಸೇಂಟ್ ಕ್ಲೇರ್ ಸರೋವರದಲ್ಲಿ ಓಡಿಸಲೆಂದು 1978ರ ಇನ್‌ಬೋರ್ಡ್ (ಎಂಜಿನ್ ಒಳಗೇ ಇರುವ) ಬೋಟೊಂದನ್ನು ಕೊಂಡಿದ್ದೇನೆ. ಹಿಂದಿನ ಮಾಲೀಕರು ಚಳಿಗಾಲಕ್ಕೆ ಮುನ್ನ ಎಂಜಿನ್ನಿನ ನೀರನ್ನು ಬಸಿಯದೆ ಬಿಟ್ಟಿದ್ದರಿಂದ, ಅದು ಹೆಪ್ಪುಗಟ್ಟಿ ಷೆವರ್ಲೆ 350ರ (350 ಘನ ಅಂಗುಲದ ಎಂಜಿನ್) ಬ್ಲಾಕ್, ಅಂದರೆ ಅದರ ಎರಕದ ಮೈ, ಸೀಳಿಹೋಗಿದೆ. ಸ್ನೇಹಿತರೊಬ್ಬರ 1988ರ ಪಿಕಪ್ ಟ್ರಕ್ಕಿನಲ್ಲಿದ್ದ, ಅದೇ 5.7 ಲೀಟರಿನ ಎಂಜಿನ್ ಸುಸ್ಥಿತಿಯಲ್ಲಿದೆ. ಅದನ್ನು ಹಾಗೆಯೇ ಇಳಿಸಬಹುದೇ? ಮರೀನ್, ಅಂದರೆ ಬೋಟಿಗೆಂದೇ ಮಾಡಿದ, ಎಂಜಿನ್ನಿಗೆ ಹೆಚ್ಚು ಬೆಲೆ ಕೇಳುವುದು ಬರಿಯ ಹೆಸರಿಗಾಗಿ ಎಂಬ ಅನುಮಾನ ನನಗಿದೆ.

ಉತ್ತರ 1:
ಬ್ಲಾಕಿನ ಮಟ್ಟಿಗೆ ತಮ್ಮ ಅನುಮಾನ ಬಹುಪಾಲು ಸರಿ. ಅದರ ಹೊರಗೆ ಬಿಗಿಯುವ ಭಾಗಗಳ ವಿಷಯದಲ್ಲಿ ಅಪಾಯಕಾರಿಯಾಗಿ ತಪ್ಪು. ಕಾರಿನ ಎಂಜಿನ್ನಿನ ಕೆಳಗೆ ರಸ್ತೆಯಿರುತ್ತದೆ, ಸೋರಿದ ಪೆಟ್ರೋಲಿನ ಆವಿ ಗಾಳಿಗೆ ಹಾರಿಹೋಗುತ್ತದೆ. ಬೋಟಿನಲ್ಲಿ, ಗಾಳಿಗಿಂತ ಭಾರವಾದ ಆ ಆವಿ ತಳದ ಬಿಲ್ಜಿನಲ್ಲಿ ಕೂತು ಒಂದು ಕಿಡಿಗಾಗಿ ಕಾಯುತ್ತಿರುತ್ತದೆ. ಆದ್ದರಿಂದಲೇ ಮರೀನ್ ಸ್ಟಾರ್ಟರ್, ಆಲ್ಟರ್ನೇಟರ್ ಹಾಗೂ ಡಿಸ್ಟ್ರಿಬ್ಯೂಟರುಗಳನ್ನು ಕಿಡಿ ಹೊರಗಿನ ಆವಿಗೆ ತಗುಲದಂತೆ ಕಟ್ಟಿರುತ್ತಾರೆ, ಕಾರ್ಬೊರೇಟರಿನ ಮೇಲೆ ಏರ್ ಫಿಲ್ಟರಿನ ಬದಲು ಜ್ವಾಲೆ ತಡೆಯುವ ಜಾಲರಿ ಇರುತ್ತದೆ. ಇವೆಲ್ಲ ತಮ್ಮ ಹಳೆಯ ಎಂಜಿನ್ನಿನ ಮೇಲೆಯೇ ಇರಬೇಕು, ಜೋಪಾನವಾಗಿ ಬಿಚ್ಚಿಡಿ. ಹೊಗೆಯನ್ನು ಹೊರಗೊಯ್ಯುವ, ನೀರು ಹರಿಯುವ ಎಕ್ಸಾಸ್ಟ್ ಮ್ಯಾನಿಫೋಲ್ಡುಗಳೂ ಅದೇ ಚಳಿಯಲ್ಲಿ ಬಿರುಕು ಬಿಟ್ಟಿರಬಹುದು, ಒತ್ತಡ ಕೊಟ್ಟು ಪರೀಕ್ಷಿಸದೆ ಮತ್ತೆ ಬಳಸಬೇಡಿ.

ಉತ್ತರ 2:
ಅದಕ್ಕೂ ಮೊದಲು ಹಳೆಯ ಎಂಜಿನ್ ಯಾವ ದಿಕ್ಕಿಗೆ ತಿರುಗುತ್ತಿತ್ತೆಂದು ನೋಡಿ. ಅಂದಿನ ಕೆಲವು ಇನ್‌ಬೋರ್ಡುಗಳಲ್ಲಿ, ವಿಶೇಷವಾಗಿ ಜೋಡಿ ಎಂಜಿನ್ನಿನ ಬೋಟುಗಳಲ್ಲಿ, ಒಂದು ಎಂಜಿನ್ ಉಲ್ಟಾ ತಿರುಗುತ್ತಿತ್ತು. ಮುಂಭಾಗದ ಪುಲ್ಲಿಯ ಎದುರು ನಿಂತು ಸ್ಟಾರ್ಟರ್ ಒತ್ತಿದಾಗ ಅದು ಗಡಿಯಾರದ ದಿಕ್ಕಿನಲ್ಲಿ ತಿರುಗಿದರೆ, ಟ್ರಕ್ಕಿನದೂ ಅದೇ ದಿಕ್ಕು. ಇಲ್ಲವಾದರೆ ಕವಾಟಗಳನ್ನು ತೆರೆಯುವ ಕ್ಯಾಮ್‌ಶಾಫ್ಟಿನ ಚೈನಿನ ಜಾಗಕ್ಕೆ ಗಿಯರ್, ಆಯಿಲ್ ಸೋರದಂತೆ ತಡೆಯುವ ಬೇರೆ ಹಿಂಬದಿ ಸೀಲು, ಬೇರೆ ಫೈರಿಂಗ್ ಆರ್ಡರ್ (ಸಿಲಿಂಡರುಗಳು ಉರಿಯುವ ಸರದಿ) ಎಲ್ಲವೂ ಬೇಕಾಗುತ್ತದೆ. ಅಷ್ಟು ದೂರ ಹೋಗಬೇಡಿ ಎಂಬುದು ನನ್ನ ಸಲಹೆ.

ಉತ್ತರ 3:
ಇಸವಿಯ ತೊಡಕೂ ಇದೆ. 1986ರಿಂದ ಈ ಎಂಜಿನ್ನಿನ ಹಿಂಬದಿ ಸೀಲು ಒಂದೇ ತುಂಡಿನದಾಯಿತು, ಜೊತೆಗೆ ಕ್ರ್ಯಾಂಕಿನ ಬೋಲ್ಟುಗಳ ವಿನ್ಯಾಸವೂ ಬದಲಾಯಿತು. 1978ರ ಫ್ಲೈವೀಲ್, ಅಂದರೆ ಕ್ರ್ಯಾಂಕಿನ ಹಿಂತುದಿಗೆ ಬಿಗಿಯುವ ಭಾರದ ಚಕ್ರ, ಅದಕ್ಕೆ ಕೂರುವುದಿಲ್ಲ. 1987ರಿಂದ ಬಂದ ಹೆಡ್ಡುಗಳಲ್ಲಿ (ಬ್ಲಾಕಿನ ಮೇಲೆ ಕೂರುವ ಭಾಗಗಳು) ಇನ್‌ಟೇಕಿನ (ಗಾಳಿ, ಪೆಟ್ರೋಲು ಒಳಹೋಗುವ ಕೊಳವೆಗಳ ಭಾಗ) ನಡುವಿನ ನಾಲ್ಕು ಬೋಲ್ಟುಗಳ ಕೋನವೇ ಬೇರೆಯಾದ್ದರಿಂದ ಹಳೆಯ ಇನ್‌ಟೇಕೂ ನೇರವಾಗಿ ಹೊಂದದು. ಬ್ಲಾಕಿನ ಪಕ್ಕದ ಉಕ್ಕಿನ ಪ್ಲಗ್ಗುಗಳನ್ನು ತೆಗೆದು ಹಿತ್ತಾಳೆಯವನ್ನು ಹಾಕಿಸಿ. ಕ್ಯಾಮ್‌ಶಾಫ್ಟನ್ನೂ ಮರೀನ್ ಬಗೆಯದಕ್ಕೆ ಬದಲಿಸುವುದು ಒಳಿತು, ಏಕೆಂದರೆ ಹೆದ್ದಾರಿಯ ಕಾರು ತನ್ನ ಶಕ್ತಿಯ ಸಣ್ಣ ಪಾಲನ್ನಷ್ಟೇ ಬಳಸಿದರೆ, ಬೋಟಿನ ಎಂಜಿನ್ ಇಡೀ ದಿನ ಆಗುಂಬೆ ಘಾಟಿ ಹತ್ತುವ ಲಾರಿಯಂತೆ ದುಡಿಯುತ್ತದೆ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಕೃತಜ್ಞತೆಗಳು. ಬಿರುಕು ಬಿಟ್ಟ ಎಂಜಿನ್ನನ್ನೇ ಸ್ಟಾರ್ಟರಿನಿಂದ ತಿರುಗಿಸಿ ನೋಡಿದೆ. ಪುಣ್ಯಕ್ಕೆ ಗಡಿಯಾರದ ದಿಕ್ಕೇ. ಎಡಬದಿಯ ಮ್ಯಾನಿಫೋಲ್ಡ್ ಮಾತ್ರ ಒತ್ತಡ ಕೊಟ್ಟ ಕೂಡಲೇ ಸೋರಿತು. ಅದನ್ನೂ ಫ್ಲೈವೀಲನ್ನೂ ಹುಡುಕುತ್ತಿದ್ದೇನೆ.