ಸಿಪ್ಪೆ ಮೇಲೆ ತೇಲಿ ಒಣಗುತ್ತಿದೆ, ಏನು ಮಾಡಲಿ?

ಪ್ರಶ್ನೆ:
ವೈನರಿಯಲ್ಲಿ ಇದು ನನ್ನ ಮೊದಲ ಸುಗ್ಗಿ. ಕೆಂಪು ವೈನ್ ಮಾಡುವ ಕ್ಯಾಬರ್ನೆ ದ್ರಾಕ್ಷಿಯನ್ನು ಬೆಳಗಿನ ತಂಪಲ್ಲೇ ಕೊಯ್ದು, ಗೊಂಚಲಿನ ಕಡ್ಡಿ ತೆಗೆದು, ಹಣ್ಣು ಒಡೆದು ತೊಟ್ಟಿಗೆ ತುಂಬಿದೆವು. ಯೀಸ್ಟ್ ಹಾಕಿ ಮೂರು ದಿನ ಆಯ್ತು. ಸಿಪ್ಪೆಯೆಲ್ಲ ಮೇಲೆ ಬಂದು ಗೇಣುದ್ದ ದಪ್ಪ ಕಟ್ಟಿದೆ. ಕೈಯಿಟ್ಟರೆ ಬಿಸಿ. ಕೆಳಗಿನ ರಸ ಮಾತ್ರ ಇನ್ನೂ ತಿಳಿ ಗುಲಾಬಿ. ದಿನಕ್ಕೆ ಒಂದೇ ಸಲ ಸಿಪ್ಪೆಯನ್ನು ರಸದೊಳಗೆ ಅದುಮುತ್ತಿದ್ದೇನೆ. ಸಾಲದೇ?

ಉತ್ತರ 1:
ಸಾಲದು. ಬಣ್ಣ ಇರುವುದೇ ಸಿಪ್ಪೆಯಲ್ಲಿ, ಅದು ರಸದಲ್ಲಿ ನೆನೆಯಬೇಕು ಅಲ್ವಾ? ಜೋರಾಗಿ ಹುದುಗುವಾಗ ದಿನಕ್ಕೆ ಮೂರು ಸಲ ಅದುಮಿ. ಒಣಗಲು ಬಿಟ್ಟರೆ ವಿನೆಗರ್ ಬ್ಯಾಕ್ಟೀರಿಯಾ ಸೇರುತ್ತದೆ. ನನ್ನದೊಂದು ತೊಟ್ಟಿ ಹಾಗೇ ಹಾಳಾಯ್ತು, ಆ ಹುಳಿ ವಾಸನೆ ಇನ್ನೂ ಮರೆತಿಲ್ಲ. ನಿಧಾನವಾಗಿ ಅದುಮಿ. ಬೀಜ ಒಡೆದರೆ ಕಹಿ ಬಿಡುತ್ತದೆ.

ಉತ್ತರ 2:
ಥರ್ಮಾಮೀಟರನ್ನು ಸಿಪ್ಪೆಯೊಳಗೇ ಚುಚ್ಚಿ ನೋಡಿ. ರಸಕ್ಕಿಂತ ಅದೇ ಜಾಸ್ತಿ ಬಿಸಿ ಇರುತ್ತದೆ. ರಸವೇ 35 ಡಿಗ್ರಿ ಹತ್ತಿರ ಹೋದರೆ ಯೀಸ್ಟ್ ಸೋತು ಹುದುಗುವುದು ನಿಂತುಬಿಡಬಹುದು. ಇನ್ನೊಂದು ಮಾತು, ದಯವಿಟ್ಟು ತೊಟ್ಟಿಯೊಳಗೆ ತಲೆ ಬಗ್ಗಿಸಬೇಡಿ. ಇಂಗಾಲದ ಡೈಆಕ್ಸೈಡ್ ತುಂಬಿರುತ್ತದೆ. ಬಾಗಿಲು ಕಿಟಕಿ ತೆರೆದಿಡಿ.

ಪ್ರಶ್ನೆ ಕೇಳಿದವರು:
ಈಗಷ್ಟೇ ಅದುಮಿ ಬಂದೆ. ಸಿಪ್ಪೆ 33, ರಸ 26 ಡಿಗ್ರಿ ಇತ್ತು! ಅದುಮಿದ ಕಡೆ ನೇರಳೆ ನೊರೆ ಉಕ್ಕಿತು. ರಾತ್ರಿ ಮತ್ತೆ ಹೋಗುತ್ತೇನೆ.