ನಲವತ್ತು ಅರ್ಜಿ ಹಾಕಿದರೂ ಸಂದರ್ಶನಕ್ಕೆ ಕರೆಯಿಲ್ಲ: ರೆಸ್ಯೂಮೆಯಲ್ಲಿ ದೋಷವೆಲ್ಲಿದೆ?

ಪ್ರಶ್ನೆ: ಮಾನ್ಯರೇ, ಲೆಕ್ಕಪತ್ರ ವಿಭಾಗದಲ್ಲಿ ಆರು ವರ್ಷ ದುಡಿದು, ತಾಯಿಯವರ ಅನಾರೋಗ್ಯದ ಕಾರಣ ಎರಡು ವರ್ಷ ಮನೆಯಲ್ಲಿದ್ದು, ಈಗ ಮತ್ತೆ ಉದ್ಯೋಗ ಹುಡುಕುತ್ತಿದ್ದೇನೆ. ಮೂರು ಪುಟಗಳ ರೆಸ್ಯೂಮೆಯನ್ನು ನಲವತ್ತು ಕಡೆಗೆ ಕಳುಹಿಸಿದರೂ ಒಂದು ಕರೆಯೂ ಬಂದಿಲ್ಲ. ಅದರ ಪ್ರತಿಯನ್ನು ತಮಗೆ ಪ್ರತ್ಯೇಕವಾಗಿ ಕಳುಹಿಸಿದ್ದೇನೆ. ಎಲ್ಲಿ ಎಡವುತ್ತಿದ್ದೇನೆಂದು ದಯವಿಟ್ಟು ತಿಳಿಸಿ.

ಉತ್ತರ: ಪ್ರತಿಯನ್ನು ಓದಿದೆ. ನಿಮ್ಮ ಅನುಭವಕ್ಕೆ ಕೊರತೆಯಿಲ್ಲ. ಅದು ಎರಡನೆಯ ಪುಟದ ಕೆಳಭಾಗದಲ್ಲಿ ಅವಿತು ಕುಳಿತಿದೆ. ವೃತ್ತಿಯ ಧ್ಯೇಯ, ವೈವಾಹಿಕ ಸ್ಥಿತಿ, ಹವ್ಯಾಸಗಳು ಮೊದಲ ಪುಟದ ಅರ್ಧವನ್ನು ನುಂಗಿವೆ. ಅವನ್ನು ತೆಗೆದು, ಇತ್ತೀಚಿನ ಕೆಲಸವನ್ನು ಮೊದಲಿಗಿಟ್ಟು ಬರೆದರೆ ಆರು ವರ್ಷದ ಅನುಭವಕ್ಕೆ ಒಂದೇ ಪುಟ ಸಾಕು.

ನಲವತ್ತು ಕಡೆಗೂ ಒಂದೇ ಪ್ರತಿ ಹೋಗಿರುವುದು ಇದಕ್ಕಿಂತ ದೊಡ್ಡ ತೊಂದರೆ. ರೆಸ್ಯೂಮೆಯನ್ನು ನಾನು ಉದ್ಯೋಗ ಪ್ರಕಟಣೆಗೆ ಬರೆಯುವ ಉತ್ತರವೆಂದೇ ಭಾವಿಸುತ್ತೇನೆ. ಪ್ರಶ್ನೆ ಬದಲಾದಾಗ ಉತ್ತರವೂ ಬದಲಾಗಬೇಕು. ಲಿಯೊನಾರ್ಡೊ ಡಾ ವಿಂಚಿ 1482ರ ಸುಮಾರಿಗೆ ಇಟಲಿಯ ಮಿಲಾನನ್ನು ಆಳುತ್ತಿದ್ದ ಲುಡೊವಿಕೊ ಸ್ಫೋರ್ಜಾನಲ್ಲಿ ಕೆಲಸ ಕೋರಿ ಸಿದ್ಧಪಡಿಸಿದ ಪತ್ರದಲ್ಲಿ ಸೇತುವೆ, ಫಿರಂಗಿಗಳ ಮಾತೇ ಮೊದಲು ಬರುತ್ತದೆ, ಚಿತ್ರಕಲೆಯ ಪ್ರಸ್ತಾಪ ಕೊನೆಗೆ. ಎದುರಿನವನಿಗೆ ಏನು ಬೇಕೆಂಬುದನ್ನು ಆತ ಬಲ್ಲವನಾಗಿದ್ದ.

“ಲೆಕ್ಕಪತ್ರ ನಿರ್ವಹಣೆಯ ಜವಾಬ್ದಾರಿ ಹೊಂದಿದ್ದೆ” ಎಂದು ಬರೆದಿದ್ದೀರಿ. ಆ ಹುದ್ದೆಯಲ್ಲಿದ್ದ ಯಾರು ಬೇಕಾದರೂ ಇದನ್ನು ಬರೆಯಬಹುದು. “ತಿಂಗಳಿಗೆ 300 ಬಿಲ್‌ಗಳನ್ನು ಪರಿಶೀಲಿಸುತ್ತಿದ್ದೆ, ತಿಂಗಳ ಲೆಕ್ಕ ಮುಗಿಸುವ ಅವಧಿಯನ್ನು 9 ದಿನಗಳಿಂದ 5 ದಿನಗಳಿಗೆ ಇಳಿಸಿದೆ” ಎಂದರೆ ಅದು ನೀವೊಬ್ಬರೇ ಬರೆಯಬಹುದಾದ ವಾಕ್ಯ. ಅಂಕಿಗಳು ನಿಮ್ಮ ಎರಡನೆಯ ಪುಟದಿಂದಲೇ ತೆಗೆದವು.

ಮರುಪ್ರಶ್ನೆ: ಧನ್ಯವಾದಗಳು. ಎರಡು ವರ್ಷದ ವಿರಾಮ ಕಾಣದಂತೆ ತಿಂಗಳುಗಳನ್ನು ಬಿಟ್ಟು ಇಸವಿಗಳನ್ನಷ್ಟೇ ಬರೆಯಬಹುದೇ? ಎರಡು ಕಾಲಂಗಳ ಬಣ್ಣದ ವಿನ್ಯಾಸವನ್ನು ಉಳಿಸಿಕೊಳ್ಳಬಹುದೇ?

ಉತ್ತರ: ವಿರಾಮವನ್ನು ಮರೆಮಾಚಬೇಡಿ. “ಕುಟುಂಬದವರ ಆರೈಕೆಗಾಗಿ ವಿರಾಮ” ಎಂದು ತಿಂಗಳು, ಇಸವಿಗಳೊಡನೆ ಒಂದು ಸಾಲು ಬರೆದರೆ ಸಾಕು. ಹೆಚ್ಚಿನ ವಿವರಣೆಯೂ ಬೇಡ.

ವಿನ್ಯಾಸದ ವಿಷಯದಲ್ಲಿ ಎಚ್ಚರ ಅಗತ್ಯ. ದೊಡ್ಡ ಸಂಸ್ಥೆಗಳಲ್ಲಿ ಅರ್ಜಿಗಳು ಮೊದಲು ಎಟಿಎಸ್ (ಅಪ್ಲಿಕಂಟ್ ಟ್ರ್ಯಾಕಿಂಗ್ ಸಿಸ್ಟಮ್) ಎಂಬ, ಅರ್ಜಿಗಳನ್ನು ಸಂಗ್ರಹಿಸಿ ಹುಡುಕಲು ನೆರವಾಗುವ ತಂತ್ರಾಂಶಕ್ಕೆ ಸೇರುತ್ತವೆ. ಅದು ರೆಸ್ಯೂಮೆಯಿಂದ ಪಠ್ಯವನ್ನಷ್ಟೇ ಹೆಕ್ಕುವಾಗ ಎರಡು ಕಾಲಂಗಳ ಸಾಲುಗಳು ಒಂದರೊಳಗೊಂದು ಬೆರೆಯಬಹುದು, ಪುಟದ ಶಿರೋಭಾಗದಲ್ಲಿರುವ ಫೋನ್ ಸಂಖ್ಯೆ ತಪ್ಪಿಹೋಗಬಹುದು. ನಿಮ್ಮ ಕಡತದ ಪಠ್ಯವನ್ನೆಲ್ಲ ಕಾಪಿ ಮಾಡಿ ನೋಟ್‌ಪ್ಯಾಡ್‌ನಲ್ಲಿ ಪೇಸ್ಟ್ ಮಾಡಿ ನೋಡಿ. ಅಲ್ಲಿ ಕ್ರಮ ತಪ್ಪಿದ್ದರೆ ವಿನ್ಯಾಸವನ್ನು ಸರಳಗೊಳಿಸಿ. ಪ್ರಕಟಣೆಯಲ್ಲಿ “ಬ್ಯಾಂಕ್ ರಿಕನ್ಸಿಲಿಯೇಷನ್” (ಬ್ಯಾಂಕಿನ ಲೆಕ್ಕವನ್ನು ಸಂಸ್ಥೆಯ ಲೆಕ್ಕದೊಡನೆ ತಾಳೆ ನೋಡುವುದು) ಎಂದಿದ್ದು ನಿಮಗೆ ಆ ಕೆಲಸ ಗೊತ್ತಿದ್ದರೆ ಅದೇ ಪದವನ್ನು ಬಳಸಿ, ಏಕೆಂದರೆ ನೇಮಕಾತಿಯವರು ತಂತ್ರಾಂಶದಲ್ಲಿ ಹುಡುಕುವುದು ಆ ಪದವನ್ನೇ.

ಇನ್ನೊಬ್ಬ ಸದಸ್ಯರ ಪ್ರಶ್ನೆ: ಹಾಗಾದರೆ ಪ್ರಕಟಣೆಯ ಪದಗಳನ್ನೆಲ್ಲ ಬಿಳಿ ಅಕ್ಷರಗಳಲ್ಲಿ ಕಾಣದಂತೆ ಸೇರಿಸಿದರೆ ಪ್ರಯೋಜನವಿದೆಯೇ?

ಉತ್ತರ: ಇಲ್ಲ. ಪಠ್ಯವನ್ನು ಹೆಕ್ಕಿದಾಗ ಬಣ್ಣ ಉಳಿಯುವುದಿಲ್ಲ, ಅಡಗಿಸಿದ್ದೆಲ್ಲ ನೇಮಕಾತಿ ಮಾಡುವ ನಮ್ಮ ಪರದೆಯ ಮೇಲೆ ಕಪ್ಪಾಗಿಯೇ ಮೂಡುತ್ತದೆ. ಅಂಥ ಅರ್ಜಿಗಳನ್ನು ನಾನು ಬದಿಗಿಟ್ಟಿದ್ದೇನೆ.